ಮೇಷ್ಟ್ರ ಹಳೇ ಮೀಟರ್

ದೀಪ ಆರಿಸಬೇಡಿ, ಇದನ್ನ ಕೇಳಿ ಆಮೇಲೆ ಮಲಗಿ. ಇದು ನಮ್ಮ ಚಿಕ್ಕಪ್ಪನ ಮಗಳಿಗೆ ಆಗಿದ್ದು. ಅವಳೇನು ಪುಕ್ಕಲಿ ಅಲ್ಲ. ಹಲ್ಲಿ ಮೈಮೇಲೆ ಬಿದ್ದರೆ ನಾವು ಕೂಗಾಡ್ತೀವಿ, ಅವಳು ಅದರ ಬಾಲ ಎಷ್ಟುದ್ದ ಅಂತ ಅಳೆಯೋಳು.

ಆಗ ಅವಳು ಕರೆಂಟ್ ಅಳೆಯೋ ವಿದ್ಯೆ ಕಲೀತಿದ್ದಳು. ಕಲಿಸೋ ಮೇಷ್ಟ್ರದು ಒಂದೇ ಮಂತ್ರ: ಮೂರು ಸಲ ನೋಡು. ಮೊದಲು ಕರೆಂಟ್ ಇದೆ ಅಂತ ಗೊತ್ತಿರೋ ಕಡೆ ಮೀಟರ್ ಇಡು. ಆಮೇಲೆ ಆಫ್ ಮಾಡಿದ ಕಡೆ. ಕೊನೆಗೆ ಮತ್ತೆ ಮೊದಲಿನ ಕಡೆಯೇ. ನಡುವೆ ಮೀಟರೇ ಕೆಟ್ಟಿದ್ದರೆ? ಕೆಟ್ಟ ಮೀಟರು ಎಲ್ಲದಕ್ಕೂ ಸೊನ್ನೆ ಅನ್ನುತ್ತೆ. ಹೀಗೆ ಹೇಳುವಾಗ ಕೈಯಲ್ಲಿ ಪೆನ್ನು ಒತ್ತುತ್ತಾ ಇರೋರಂತೆ... ಟಿಕ್, ಟಿಕ್. ಇವಳು ಎರಡನೇ ವರ್ಷಕ್ಕೆ ಬರೋ ಹೊತ್ತಿಗೆ ತೀರಿಕೊಂಡರು, ಪಾಪ.

ಪರೀಕ್ಷೆಯ ಹಿಂದಿನ ದಿನ. ಅಭ್ಯಾಸ ಮಾಡೋಕೆ ಅಂತ ಲ್ಯಾಬಿನ ಬೀರುವಿನಿಂದ ಅದೇ ಮೇಷ್ಟ್ರ ಹಳೇ ಮೀಟರ್ ತಗೊಂಡು ಹೊರಟಳು. ಕತ್ತಲಾಗಿತ್ತು. ದಾರಿಯಲ್ಲೊಂದು ಬಾವಿ, ಪಕ್ಕದಲ್ಲಿ ಪಂಪ್ ಮನೆ. ಬಾಗಿಲಲ್ಲಿ ಕಾವಲುಗಾರ ತಾತ.

"ಮೋಟಾರ್ ನಿಂತೋಯ್ತಮ್ಮಾ. ಇಡೀ ಬೀದಿಗೆ ನೀರಿಲ್ಲ. ಒಂಚೂರು ನೋಡ್ತೀಯಾ?"

"ಅದೇನ್ ಮಹಾ ಬಿಡಿ, ತಾತ!"

ಹುರುಪು ನೋಡಿ ಅವಳದು. ಒಳಗೆ ಬಲ್ಬ್ ಉರೀತಿತ್ತು. ಅದರ ಪಕ್ಕದ ಸಾಕೆಟ್ಟಿಗೆ ಮೀಟರ್ ಇಟ್ಟಳು. ಇನ್ನೂರ ಮೂವತ್ತು ವೋಲ್ಟ್ ತೋರಿಸಿತು. ಮೋಟಾರಿನ ಮೇನ್ ಸ್ವಿಚ್ ಕೆಳಗೆಳೆದಳು... ಖಟಕ್. ಪೆಟ್ಟಿಗೆ ತೆಗೆದು ತಂತಿಗೆ ಮೀಟರ್ ಮುಟ್ಟಿಸಿದಳು. ಸೊನ್ನೆ. ಒಂದು ತಂತಿ ಸಡಿಲವಾಗಿದ್ದು ಕಣ್ಣಿಗೇ ಕಾಣ್ತಿತ್ತು. ಕೈ ಚಾಚಿದಳು...

ಟಿಕ್... ಟಿಕ್.

ಬೆನ್ನ ಹಿಂದೆ. ಕಿವಿಯ ಹತ್ತಿರ.

"ಮೂರನೇದು?"

ಕೈ ಅಲ್ಲೇ ನಿಂತಿತು. "ತಾತ... ನೀವಾ?"

"ನಾನ್ ಇಲ್ಲಿ ಬಾವಿ ಹತ್ರ ಇದೀನಮ್ಮಾ. ಏನಾಯ್ತು?" ಉತ್ತರ ದೂರದಿಂದ ಬಂತು.

ತಿರುಗಿ ನೋಡೋ ಧೈರ್ಯ ಆಗಲಿಲ್ಲ. ಗೋಡೆ ಹಿಡಿದು ಪಕ್ಕಕ್ಕೆ ಸರಿದು ಸಾಕೆಟ್ಟಿಗೆ ಮತ್ತೆ ಮೀಟರ್ ಇಟ್ಟಳು. ಬಲ್ಬ್ ಉರೀತಾನೇ ಇದೆ. ಮೀಟರ್ ಮಾತ್ರ ಖಾಲಿ. ಒಂದು ಅಂಕಿಯೂ ಇಲ್ಲ. ತಾತನ ಟೆಸ್ಟರ್ ಇಸ್ಕೊಂಡು ಆ ಸಡಿಲ ತಂತಿಗೆ ಇಟ್ಟಳು. ಟೆಸ್ಟರೊಳಗೆ ಕೆಂಪು ದೀಪ ಹೊತ್ತಿತು! ಸ್ವಿಚ್ಚಿನ ಹಿಡಿ ಅಷ್ಟೇ ಕೆಳಗೆ ಬಂದಿತ್ತು, ಕರೆಂಟ್ ಹೋಗಿರಲೇ ಇಲ್ಲ. ಬೆರಳು ತಾಗಿದ್ದರೆ...

ಮನೆಗೆ ಬಂದವಳೇ ಮೀಟರ್ ನನ್ನ ಮುಂದಿಟ್ಟಳು. ಮುಖದಲ್ಲಿ ರಕ್ತವಿಲ್ಲ.

"ಅಕ್ಕಾ, ದಾರಿಯಲ್ಲಿ ಬ್ಯಾಟರಿ ಮುಗಿದಿರಬೇಕು ಅಲ್ವಾ? ನೋಡು... ಹೌದು ಅನ್ನು."

ಹಿಂದಿನ ಸ್ಕ್ರೂ ಬಿಚ್ಚಿದೆ. ಮುಗಿಯೋದಕ್ಕೆ ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ಬ್ಯಾಟರಿ ಕೂರೋ ಗೂಡಿನಲ್ಲಿ ಜೇಡ ಬಲೆ ಕಟ್ಟಿತ್ತು. ಅಂಥ ಮೀಟರ್ ಎರಡು ಸಲ ಅಂಕಿ ತೋರಿಸಿತ್ತು.

ನಂಬದಿದ್ದರೆ ಬಿಡಿ. ಬಿಚ್ಚಿದ್ದು ಇದೇ ಕೈ. ಆ ಬಲೆ ಈ ಬೆರಳಿಗೇ ಅಂಟಿಕೊಂಡಿತ್ತು.