ಅಮ್ಮನ ಟಾರ್ಚಿನ ಸೆಲ್ಲು

ಪಕ್ಕದ ಬೀದಿಯಲ್ಲಿ ಇರುವೆ ಆಕಳಿಸಿದರೂ ಕೇಳಿಸುವ ಕಿವಿ ನನ್ನದು. ಆಸ್ಪತ್ರೆಯ ಔಷಧಿ ಸಾಲಿನಲ್ಲಿ ಮುಂದಿದ್ದ ಅಕ್ಕ-ತಮ್ಮನ ಪಿಸುಮಾತನ್ನು ಅದು ಬಿಡುತ್ತದೆಯೇ?

"ಕರೆಂಟ್ ಹೋದಾಗ ಅಮ್ಮ ಟಾರ್ಚ್ ಒತ್ತಿದ್ಲಂತೆ, ಹತ್ತಲಿಲ್ವಂತೆ. ಮೆಟ್ಟಿಲಲ್ಲಿ ಜಾರಿ ಕಾಲು ಮುರ್ಕೊಂಡ್ಲು. ನಾನು ಮೊನ್ನೆ ತಾನೇ ಹೊಸ ಸೆಲ್ ಹಾಕಿದ್ದೆ ಕಣೋ!"

"ಅಕ್ಕಾ... ಮ್ಯಾಚ್ ಇತ್ತು. ಅದನ್ನ ರಿಮೋಟಿಗೆ ಹಾಕ್ಕೊಂಡೆ."

"ಟಾರ್ಚಿಗೆ?"

"ರಿಮೋಟಿನ ಹಳೇದನ್ನೇ ತುರುಕಿದೆ."

"ಅಯ್ಯೋ ಪಾಪಿ! ಅಮ್ಮಂಗೆ ಹೇಳಿದ್ಯಾ?"

"ಹೆಂಗ್ ಹೇಳ್ಲಿ? 'ಗಾಬರೀಲಿ ನಾನೇ ಸರಿಯಾಗಿ ಒತ್ತಲಿಲ್ಲವೇನೋ' ಅಂತಿದಾಳೆ."

"ಔಷಧಿ ಆಮೇಲೆ. ನಡಿ, ಮೊದಲು ಹೇಳು."

ಹೊರಟ ಅಕ್ಕ ನನ್ನತ್ತ ತಿರುಗಿದಳು. "ನೀವೂ ಬರ್ತೀರಾ ಯಜಮಾನ್ರೇ? ಆಗಿಂದ ನನ್ನ ಭುಜದ ಮೇಲೇ ಇದ್ದೀರಲ್ಲ!"

ನಿಜ ಹೇಳಿಬಿಡುತ್ತೇನೆ. ನನ್ನದು ಕಿವಿ ಚುರುಕಲ್ಲ, ಕತ್ತು ಉದ್ದ. ನಮ್ಮ ಮನೆಯ ಟಾರ್ಚಿನ ಸೆಲ್ಲೂ ಈಗ ರಿಮೋಟಿನಲ್ಲೇ ಇದೆ.