ಬೆಚ್ಚಿದಾನೆ ಅಂದ್ರು

ಆ ಮಾತೊಂದು ನನ್ನ ಮುಂದೆ ಆಡಬೇಡ ಕಣೋ. ‘ಬೆಚ್ಚಿದಾನೆ ಅಷ್ಟೆ ಅಜ್ಜಿ, ಮೈಮೇಲೆ ಒಂದು ಗೀರೂ ಇಲ್ಲ’ ಅಂತ ನಗ್ತಾ ಹೇಳ್ತೀಯಲ್ಲ, ಕ್ವಾರಿಲಿ ಕಲ್ಲು ಸಿಡಿಸಿದಾಗ ಪಕ್ಕದಲ್ಲಿದ್ದೋನು ಬೆಪ್ಪನ ಹಂಗೆ ಕೂತಿದ್ದ ಅಂತ. ಅವನನ್ನ ಆಸ್ಪತ್ರೆಗೆ ಒಯ್ದ್ರೋ ಇಲ್ವೋ, ಅದು ಹೇಳು ಮೊದ್ಲು. ಒಯ್ದ್ರಾ? ಹ್ಞೂಂ. ಹಂಗಾದ್ರೆ ಕೂತ್ಕೋ. ನೀನೂ ಕೂತ್ಕೊಳೇ, ಆ ಮೊಬೈಲ್ ಕೆಳಗಿಡು. ನಿಮ್ಮಜ್ಜನ್ನ ನೀವು ನೋಡಿಲ್ಲ. ಚನ್ನಬಸಪ್ಪ ಅಂತ ಹೆಸರು. ಗಂಡನ ಹೆಸರು ಬಾಯಲ್ಲಿ ಹೇಳಬಾರ್ದು ಅಂತಿದ್ರು ಆಗ, ನಾನು ಹೇಳ್ತೀನಿ, ಕೂಗಿ ಕೂಗಿ ಹೇಳ್ತೀನಿ, ಯಾಕಂದ್ರೆ ಒಂದಿನ ಆ ಹೆಸರನ್ನ ಎಷ್ಟು ಕೂಗಿದ್ರೂ ಅವರಿಗೆ ಕೇಳಿಸ್ಲಿಲ್ಲ. ಆ ದಿನದ್ದೇ ಈಗ ಹೇಳ್ತಿರೋದು.

ಐವತ್ತೇಳೋ ಐವತ್ತೆಂಟೋ ಇಸವಿ ಇರಬೇಕು, ನಿಮ್ಮಪ್ಪ ಇನ್ನೂ ಅಂಬೆಗಾಲಿಡ್ತಿದ್ದ. ಅಲ್ಲ ಅಲ್ಲ, ನಡೀತಿದ್ದ, ನಮ್ಮತ್ತೆ ಹತ್ರ ಬಿಟ್ಟು ಹೋಗ್ತಿದ್ದೆ. ತಾಳಗುಂದದ ಕಡೆ ಒಬ್ಬ ಯಜಮಾನ್ರ ಹೊಲದಲ್ಲಿ ಬಾವಿ ತೋಡೋ ಕೆಲಸ. ನಿಮ್ಮಜ್ಜ, ನನ್ನ ತಮ್ಮ ನಿಂಗ, ನಾನು, ಇನ್ನೊಂದಿಷ್ಟು ಜನ. ಗಂಡಸರು ಕೆಳಗೆ, ಹೆಂಗಸರು ಮೇಲೆ ಮಂಕರಿ ಎಳೆಯೋದು. ಮಣ್ಣು ಮುಗೀತು, ಬಂಡೆ ಸಿಕ್ತು. ಬಂಡೆ ಸಿಕ್ರೆ ಏನ್ ಮಾಡಾದು? ಉಳಿಯಲ್ಲಿ ಕುಳಿ ಹೊಡೆಯೋದು, ಸಿಡಿಮದ್ದಿನ ತೋಟೆ ತುಂಬೋದು, ಬತ್ತಿ ಹಚ್ಚಿ ಮೇಲೆ ಹತ್ತಿ ಓಡೋದು. ಎಷ್ಟು ಕುಳಿ ತುಂಬೀವೋ ಅಷ್ಟು ಸದ್ದು ಕೇಳ್ಬೇಕು. ಒಂದು ಕಡಿಮೆ ಆದ್ರೂ ಯಾರೂ ಇಳಿಯಂಗಿಲ್ಲ, ಯಾಕಂದ್ರೆ ಒಂದು ತೋಟೆ ಒಳಗೆ ಹಂಗೇ ಕೂತಿದೆ ಅಂತ. ಅವತ್ತು ಒಂದು ಸದ್ದು ಕಡಿಮೆ ಆಯ್ತು. ನಂಗೂ ಗೊತ್ತಾಯ್ತು, ನಿಂಗನಿಗೂ ಗೊತ್ತಾಯ್ತು. ಮೇಸ್ತ್ರಿ, ‘ಎರಡು ಕೂಡೇ ಹಾರಿದ್ವು ಕಣ್ರೋ, ನಂಗೆ ಗೊತ್ತಿಲ್ವಾ? ಇಳೀರಿ’ ಅಂದ. ನಿಮ್ಮಜ್ಜ, ‘ಮೇಸ್ತ್ರಿ, ಸ್ವಲ್ಪ ತಡೀರಿ, ಊಟ ಮಾಡ್ಕೊಂಡು ಇಳೀತೀವಿ’ ಅಂದ್ರು. ಅಲ್ಲೇ ಹುಣಸೆ ಮರದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿದ್ರು ನೋಡು ಯಜಮಾನ್ರು, ಮನೆಯಿಂದ ಹೊರಿಸ್ಕೊಂಡು ಬಂದಿದ್ದ ಕುರ್ಚಿ, ಅಲ್ಲಿಂದ್ಲೇ, ‘ಊಟಕ್ಕೆ ಹೊತ್ತಾಗಿಲ್ಲ, ಕೆಲಸಕ್ಕೆ ಹೊತ್ತಾಗೈತೆ’ ಅಂದ್ರು. ಇಳಿದ್ರು. ಇಳಿಯದೆ ಏನ್ ಮಾಡ್ತಾರೆ?

ಸಿಡೀತು. ನೆಲ ನನ್ನ ಅಂಗಾಲಿಗೆ ಒದ್ದಂಗಾಯ್ತು. ಬಾವಿ ಬಾಯಿಂದ ಹೊಗೆ, ಮಣ್ಣು, ಆಮೇಲೆ ನಿಂಗನ ಕೂಗು. ‘ಅಕ್ಕಾ ಸತ್ನೇ, ಅಕ್ಕಾ’ ಅಂತ. ಅವನು ಒಂದು ದೊಡ್ಡ ಗುಂಡುಕಲ್ಲಿನ ಹಿಂದೆ ಬಗ್ಗಿ ಕಲ್ಲು ಆರಿಸ್ತಿದ್ನಂತೆ, ಚೂರು ಹಾರಿ ಬಂದು ತಲೆ, ಭುಜ ಎಲ್ಲಾ ಸೀಳಿತ್ತು. ಮೇಲೆತ್ತಿದಾಗ ಮುಖ ಕಾಣ್ತಿರ್ಲಿಲ್ಲ, ಬರೀ ರಕ್ತ. ನಿಮ್ಮಜ್ಜ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ರು. ಅವರಿಗೆ ಒಂದು ಕಲ್ಲೂ ತಾಗಿರ್ಲಿಲ್ಲ. ತಾವೇ ಹಗ್ಗ ಹಿಡ್ಕೊಂಡು ಹತ್ತಿ ಬಂದ್ರು, ಬಂದು ಮಣ್ಣಿನ ಗುಡ್ಡೆ ಮೇಲೆ ಕೂತ್ರು. ಸುಮ್ನೆ. ‘ರೀ’ ಅಂದೆ, ತಿರುಗ್ಲಿಲ್ಲ. ‘ರೀ, ಏನಾಯ್ತು’ ಅಂದೆ, ಇಲ್ಲ. ಹೆಸರು ಹಿಡಿದೇ ಕೂಗಿದೆ, ಎಲ್ಲರ ಮುಂದೆ, ‘ಚನ್ನಬಸಪ್ಪಾ’ ಅಂತ. ನನ್ನ ಬಾಯನ್ನೇ ನೋಡ್ತಿದ್ರು, ದನ ನೋಡ್ದಂಗೆ. ಮೇಸ್ತ್ರಿ ಹೇಳ್ದ, ‘ಬೆಚ್ಚಿದಾನೆ ಬಿಡವ್ವ. ಗಂಡಸಿಗೂ ಅಂಜಿಕೆ ಆಗ್ತೈತೆ. ಕಬ್ಬಿಣ ಕಾಸಿದ ನೀರು ಕುಡಿಸಿದ್ರೆ ಸರಿ ಹೋಗ್ತಾನೆ. ನಿನ್ನ ತಮ್ಮನ್ನ ನೋಡು ಮೊದ್ಲು.’

ತಮ್ಮನ್ನ ನೋಡೋಕೆ ಹತ್ತು ಕೈ. ಒಬ್ಬರು ಅರಿಶಿನ ಅಂದ್ರು, ಒಬ್ಬರು ಹೊಗೆಸೊಪ್ಪು ಅಂದ್ರು. ಮೇಸ್ತ್ರಿ, ‘ಸುಣ್ಣ ತರ್ರೋ, ಸುಣ್ಣ ರಕ್ತ ಕಟ್ಟತೈತೆ’ ಅಂತ ಎಲ್ಲರ ಎಲೆ ಅಡಿಕೆ ಸಂಚಿಯಲ್ಲಿದ್ದ ಸುಣ್ಣದ ಡಬ್ಬಿನೂ ಇಸ್ಕೊಂಡು, ತನ್ನದನ್ನೂ ಸೇರಿಸಿ, ಬೆರಳಿಂದ ಕೆರೆದು ಕೆರೆದು ನಿಂಗನ ತಲೆಗೆ ಮೆತ್ತಿದ. ಅವನು ಉರಿ ತಡೀಲಾರ್ದೆ ಯಜಮಾನ್ರ ಏಳು ತಲೆಮಾರನ್ನ ಬಯ್ದ. ಅಷ್ಟು ಬಯ್ಯೋನು ಸಾಯಲ್ಲ ಅಂತ ಯಾರಿಗೂ ಹೊಳೀಲಿಲ್ಲ ನೋಡು. ಅಷ್ಟರಲ್ಲಿ ರಸ್ತೆಯಲ್ಲಿ ಶಿಕಾರಿಪುರದ ಮಂಡಿಗೆ ಹೋಗೋ ಭತ್ತದ ಲಾರಿ ಬಂತು. ಅಡ್ಡ ನಿಂತು ನಿಲ್ಲಿಸಿದ್ವಿ. ನಿಂಗನ್ನ ಚೀಲದ ಮೇಲೆ ಮಲಗಿಸಿದ್ರು. ‘ಇವರನ್ನೂ ಹತ್ತಿಸ್ರೀ’ ಅಂದೆ. ಲಾರಿಲಿ ಜಾಗ ಇತ್ತು, ಕೇಳಿಸ್ಕೊಳ್ರಿ ಇದನ್ನ, ಜಾಗ ಇತ್ತು. ಯಜಮಾನ್ರು ಕುರ್ಚಿಯಿಂದ ಏಳದೆ, ‘ಗಾಯ ಆದೋನು ಹೋಗ್ಲಿ, ಗಾಯ ಇಲ್ದೋನು ಯಾಕೆ? ನೆಪ ಹುಡುಕಬೇಡ’ ಅಂದ್ರು. ಮೇಸ್ತ್ರಿ ನಿಮ್ಮಜ್ಜನ ಬಾಯಿಗೆ ಎಲೆ ಅಡಿಕೆ ತುರುಕಿದ್ದ, ಜೀವ ಕುದುರ್ಲಿ ಅಂತ. ನಾನು ಲಾರಿ ಹತ್ತೋ ಹೊತ್ತಿಗೆ ಅವರು ಕೆಮ್ಮಿ ಉಗುಳಿದ್ರು. ಕೆಂಪಗೆ. ಮೇಸ್ತ್ರಿಗೆ ಏನ್ ಖುಷಿ! ‘ನೋಡು, ರಸ ಉಗುಳ್ತಾನೆ, ಚೇತರಿಸ್ಕೊಂಡ. ನೀ ಹೊರಡವ್ವ.’ ಹೊರಟೆ.

ಶಿಕಾರಿಪುರದ ಆಸ್ಪತ್ರೆಲಿ ಡಾಕ್ಟ್ರು ಯಾವುದೋ ಹಳ್ಳಿಗೆ ಹೋಗಿದ್ರು. ನರ್ಸಮ್ಮ ಇದ್ರು, ಮಂಗಳೂರು ಕಡೆಯೋರು, ಬಿಳೀ ಸೀರೆ, ಗಂಟಲು ಮಾತ್ರ ಮಾರ್ಕೆಟ್ಟಿನ ಗಂಟಲು. ನಿಂಗನ ತಲೆ ನೋಡಿದ್ದೇ, ‘ಯಾವ ಮೂರ್ಖ ಈ ಸುಣ್ಣ ಬಳಿದದ್ದು? ಇದೇನು ತಲೆಯೋ ಗೋಡೆಯೋ?’ ಅಂದ್ರು. ಆ ನೋವಲ್ಲೂ ನಿಂಗ, ‘ಅಮ್ಮಾ, ಹಬ್ಬಕ್ಕೆ ಬಳಿದವ್ರೆ’ ಅಂದ. ಕೆಳಗೊಂದು ತಟ್ಟೆ ಇಟ್ಟು, ಕುದಿಸಿ ಆರಿಸಿದ ನೀರು ಹುಯ್ದು ಹುಯ್ದು ಸುಣ್ಣ ತೊಳೆದ್ರು. ‘ಗಾಯಕ್ಕೆ ಚೊಕ್ಕಟ ಬಟ್ಟೆ ಒತ್ತಿ ಹಿಡಿದ್ರೆ ಸಾಕಿತ್ತಲ್ಲ, ಈಗ ಚರ್ಮವೂ ಸುಟ್ಟಿದೆ’ ಅಂತ ಬಯ್ತಾನೇ ನಂಗೆ ಬಟ್ಟೆ ಕೊಟ್ಟು ಒತ್ತಿ ಹಿಡಿಸಿದ್ರು. ಭುಜದಲ್ಲಿ ಒಂದು ಕಲ್ಲು ಚುಚ್ಕೊಂಡಿತ್ತು, ನಾನು ಕೀಳೋಕೆ ಹೋದೆ, ಕೈ ಮೇಲೆ ಫಟ್ ಅಂತ ಹೊಡೆದ್ರು. ‘ಅದು ಡಾಕ್ಟ್ರು ಬಂದ ಮೇಲೆ. ಕಿತ್ತರೆ ರಕ್ತ ನಿಲ್ಲಿಸೋರು ಯಾರು, ನೀನಾ?’ ಆಮೇಲೆ ಅವನ ಎದೆಗೆ ಕೊಳವೆ ಇಟ್ಟು ಕೇಳಿದ್ರು, ಕಿವಿಯೊಳಗೆ ಇಣುಕಿದ್ರು. ‘ಎಲ್ಲಿ ಸಿಡಿದದ್ದು?’ ‘ಬಾವಿ ಒಳಗೆ.’ ಅವರ ಕೈ ನಿಂತು ಹೋಯ್ತು. ‘ಬಾವಿ ಒಳಗೆ ಇನ್ಯಾರಿದ್ರು?’

‘ನಮ್ಮ ಮನೆಯವ್ರು ಇದ್ರು, ಅವರಿಗೇನೂ ಆಗಿಲ್ಲ ನರ್ಸಮ್ಮ, ಬೆಚ್ಚಿದಾರೆ.’

‘ಏನೂ ಆಗಿಲ್ಲ ಅಂತ ಯಾರು ಹೇಳಿದ್ದು? ಮಾತಾಡ್ತಾನಾ? ಕಿವಿ ಕೇಳ್ತದಾ? ಕೆಮ್ಮು ಉಂಟಾ?’

‘ಕೆಮ್ತಾರೆ.’

‘ಉಗುಳು ಯಾವ ಬಣ್ಣ?’

‘ಕೆಂಪು. ಎಲೆ ಅಡಿಕೆ ಹಾಕ್ಕೊಂಡಿದ್ರು...’

ಅಷ್ಟು ಹೇಳಿದೋಳು ಆ ತಟ್ಟೆ ಕಡೆ ತಿರುಗಿ ನೋಡಿದೆ. ಯಾಕೆ ಹೇಳು? ನೀವೀಗಿನ ಹುಡುಗರು ಎಲೆ ಹಾಕಲ್ಲ, ನಿಮಗೆ ಗೊತ್ತಿಲ್ಲ. ಎಲೆ ಅಡಿಕೆ ಎರಡನ್ನೇ ಅಗಿದ್ರೆ ಬಾಯಿ ಅಷ್ಟು ಕೆಂಪಾಗಲ್ಲ. ಸುಣ್ಣ ಬೇಕು. ಇಡೀ ಗುಂಪಿನ ಸುಣ್ಣ ನನ್ನ ಕಣ್ಮುಂದೆ ಆ ತಟ್ಟೆ ನೀರಲ್ಲಿ ಬೆಳ್ಳಗೆ ತೇಲ್ತಿತ್ತು. ಒಬ್ಬರ ಡಬ್ಬಿಲೂ ಉಗುರಷ್ಟು ಉಳಿದಿರ್ಲಿಲ್ಲ. ನಿಮ್ಮಜ್ಜನ ಬಾಯಿ ಮತ್ತೆ ಯಾವುದರಿಂದ ಕೆಂಪಾಯ್ತು?

ನರ್ಸಮ್ಮನಿಗೆ ಹೇಳಿದೆ. ಅವರು ಬಯ್ಯಲಿಲ್ಲ ಈಗ. ಮೆಲ್ಲಗೆ ಹೇಳಿದ್ರು, ಅದೇ ಹೆದರಿಕೆ ಆಯ್ತು ನಂಗೆ. ‘ಗೋಣಿಚೀಲದೊಳಗೆ ಮಡಕೆ ಇಟ್ಟು ದೊಣ್ಣೆಯಿಂದ ಹೊಡೆದ್ರೆ ಚೀಲ ಹರಿಯೋದಿಲ್ಲ, ಅಲ್ವಾ? ಬಾವಿಯೊಳಗೆ ಸಿಡಿದ ಗಾಳಿಗೆ ಹೋಗ್ಲಿಕ್ಕೆ ದಾರಿ ಇಲ್ಲ, ಮನುಷ್ಯನ ಎದೆಗೇ ಹೊಡೀತದೆ. ಕಿವಿ ಒಡೀತದೆ, ಶ್ವಾಸಕೋಶ ಹರೀತದೆ. ಅವನನ್ನ ಒಂದು ಹೆಜ್ಜೆ ನಡೆಸಬೇಡಿ. ಏನೂ ಕುಡಿಸಬೇಡಿ. ಮಲಗಿಸಲೂ ಬೇಡಿ, ಒರಗಿಸಿ ಕೂರಿಸ್ಕೊಂಡು ತನ್ನಿ. ಇವನನ್ನ ನಾನು ನೋಡ್ತೇನೆ, ಓಡು.’

ಸೊರಬದ ಕಡೆ ಹೋಗೋ ಬಸ್ಸು ಸಿಕ್ತು. ಇಳಿಯೋ ಜಾಗದಲ್ಲಿ ಡ್ರೈವರ್ ಮುಂದೆ ನಿಂತು, ‘ಅಣ್ಣಾ, ಬಸ್ಸು ತಿರುಗಿಸ್ಕೊಂಡು ನಿಲ್ಲು, ಗಂಡನ್ನ ತರ್ತೀನಿ’ ಅಂದೆ. ಕಂಡಕ್ಟರ್, ‘ಏನಮ್ಮ, ನಿಮ್ಮಪ್ಪನ ಬಸ್ಸಾ? ಸೊರಬದ ಜನ ಕೂತಿದಾರೆ’ ಅಂದ. ‘ನಮ್ಮಪ್ಪಂದಾಗಿದ್ರೆ ನಿನ್ನ ಕೇಳ್ತಿದ್ದೆನಾ?’ ಅಂದು ಹೊಲಕ್ಕೆ ಓಡಿದೆ. ಅಲ್ಲಿ ಏನ್ ಮಾಡ್ತಿದ್ರು ಗೊತ್ತಾ? ನಿಮ್ಮಜ್ಜನ್ನ ನಡೆಸ್ತಿದ್ರು! ಅಂಜಿಕೆ ಇಳೀಲಿ ಅಂತ ಬಾವಿ ಸುತ್ತ, ಸಿಡಿದ ಬಾವಿ ಸುತ್ತಲೇ, ಇಬ್ಬರು ರಟ್ಟೆ ಹಿಡ್ಕೊಂಡು ನಡೆಸ್ತಿದ್ರು. ತುಟಿ ನೇರಳೆ ಹಣ್ಣಿನ ಬಣ್ಣ. ಉಸಿರು ತಗೊಂಡ್ರೆ ಕೊರಳ ಮೂಳೆ ಎದ್ದು ಕಾಣ್ತಿತ್ತು. ಕಿವಿಯಿಂದ ಕತ್ತಿಗೆ ರಕ್ತದ ಗೆರೆ ಒಣಗಿತ್ತು, ನೂಲಿನಷ್ಟು ಸಣ್ಣಕ್ಕೆ. ಮೇಸ್ತ್ರಿ ಕಾದ ಕುಡುಗೋಲು ಅದ್ದಿದ ನೀರಿನ ಲೋಟ ಹಿಡಿದು ಬಾಯಿಗೆ ಒತ್ತೋಕೆ ಬರ್ತಿದ್ದ. ಲೋಟಕ್ಕೆ ಒಂದು ಕೊಟ್ಟೆ, ಎಲ್ಲಿ ಬಿತ್ತೋ. ‘ಕೂರಿಸ್ರೋ ಅವರನ್ನ!’

ಯಜಮಾನ್ರು, ‘ಏನೇ ನಿಂದು ಗಲಾಟೆ? ರಸ ಉಗುಳ್ಕೊಂಡು ಚೆನ್ನಾಗಿದಾನೆ’ ಅಂದ್ರು. ನಾನು ನಿಮ್ಮಜ್ಜನ ದವಡೆಗೆ ಬೆರಳು ಹಾಕಿ ಆ ಎಲೆ ಮುದ್ದೆ ತೆಗೆದೆ. ಅಗಿದೇ ಇರ್ಲಿಲ್ಲ ಪಾಪ. ರಕ್ತ ಒರೆಸಿದೆ, ಎಲೆ ಹಸಿರಾಗೇ ಇತ್ತು. ಯಜಮಾನ್ರ ಮುಖದ ಮುಂದೆ ಹಿಡಿದೆ. ‘ನೋಡ್ರೀ. ಎಲೆ ಹಸಿರು, ಬಾಯಿ ಕೆಂಪು. ಸುಣ್ಣ ಯಾರು ಹಾಕಿದ್ರು? ನೀವು ಹಾಕಿದ್ರಾ? ಮೇಸ್ತ್ರಿ, ನೀನು ಹಾಕಿದ್ಯಾ?’ ಆಗ ನಿಮ್ಮಜ್ಜ ಮತ್ತೆ ಕೆಮ್ಮಿದ್ರು, ನನ್ನ ಅಂಗೈ ಮೇಲೇ ಬಿತ್ತು, ಹಾಲು ಕರೆದಾಗ ಬರೋ ನೊರೆ ಇದೆಯಲ್ಲ, ಹಂಗೆ ನೊರೆ, ಕೆಂಪು ನೊರೆ. ‘ಏಳ್ರೀ ಯಜಮಾನ್ರೆ’ ಅಂದೆ. ‘ಯಾಕೆ?’ ಅಂದ್ರು. ‘ಕುರ್ಚಿ ಬೇಕು. ಮಲಗಿಸಂಗಿಲ್ಲ, ನಡೆಸಂಗಿಲ್ಲ, ಕೂರಿಸ್ಕೊಂಡೇ ಒಯ್ಬೇಕು. ಏಳ್ರಿ.’ ಅವರ ಹಿರೀಕರಿಂದ ಹಿಡಿದು ಆ ಊರಲ್ಲಿ ಅವರಿಗೆ ಏಳು ಅಂದೋರು ಯಾರೂ ಇರ್ಲಿಲ್ಲ. ಕೂತೇ ಇದ್ರು. ನಾನು ಕುರ್ಚಿ ಬೆನ್ನು ಹಿಡಿದು ಬಗ್ಗಿಸಿದೆ, ಎದ್ರು. ಏಳದೆ ಎಲ್ಲಿಗೆ ಹೋಗ್ತಾರೆ?

ನಾಲ್ಕು ಜನ ಕುರ್ಚಿ ಹೊತ್ಕೊಂಡು ಬದುವಿನ ಮೇಲೆ ಬಂದ್ವಿ. ಬಸ್ಸು ನಿಂತಿತ್ತು, ತಿರುಗಿ ನಿಂತಿತ್ತು. ಆ ಡ್ರೈವರನ ಹೊಟ್ಟೆ ತಣ್ಣಗಿರ್ಲಿ. ಕಂಡಕ್ಟರ್ ಮತ್ತೆ, ‘ಕುರ್ಚಿಗೆ ಲಗೇಜು ಟಿಕೆಟ್’ ಅಂತ ಶುರು ಮಾಡ್ದ, ಒಳಗಿದ್ದ ಸೊರಬದ ಒಬ್ಬಳು ಮುದುಕಿ, ‘ನಿನ್ನ ಬಾಯಿಗೆ ಮಣ್ಣು ಹಾಕ, ಜಾಗ ಬಿಡೋ’ ಅಂತ ತಾನೇ ಎದ್ದು ಅವನನ್ನ ದಬ್ಬಿದ್ಲು. ದಾರಿ ಉದ್ದಕ್ಕೂ ನಾನು ಅವರ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೆ. ಮಾತಾಡಿದ್ರೆ ಕೇಳಿಸಲ್ಲ ಅಂತ ಬೆನ್ನಲ್ಲೇ ಹೇಳ್ತಿದ್ದೆ, ಒತ್ತಿ ಒತ್ತಿ, ಇದೀನಿ, ಇದೀನಿ ಅಂತ. ಶಿಕಾರಿಪುರದಲ್ಲಿ ಡಾಕ್ಟ್ರು ಬಂದು ನಿಂಗನ ಭುಜದ ಕಲ್ಲು ತೆಗೆದ್ರು, ಅವನು ಉಳಿದ. ನಿಮ್ಮಜ್ಜನ್ನ ಅಲ್ಲಿಂದ ಶಿವಮೊಗ್ಗಕ್ಕೆ ಡಾಕ್ಟ್ರೇ ಕಳಿಸಿದ್ರು, ಅಲ್ಲಿ ಮೂಗಿಗೆ ಗಾಳಿ ಕೊಟ್ರು, ಉಳಿದ್ರು. ಉಳಿದ್ರು ಅಂದ್ರೆ, ಒಂದು ಕಿವಿ ಹೋಯ್ತು, ಆಮೇಲೆ ಒಂದು ಕೊಡ ನೀರು ಹೊತ್ರೆ ಕೂತು ಬಿಡೋರು. ಅವರು ಅಲ್ಲಿ ಮಂಚದ ಮೇಲೆ ಉಸಿರಿಗೆ ಒದ್ದಾಡ್ತಿರೋವಾಗ ಯಜಮಾನ್ರು ಆಳು ಕಳಿಸಿದ್ರು. ‘ಹೆಂಗಿದಾನೆ’ ಅಂತ ಕೇಳೋಕೆ ಅಂದ್ಕೊಂಡ್ರಾ? ಕುರ್ಚಿ ಕೇಳೋಕೆ!

ಇದು ಕೇಳಿ ನಗ್ತೀರಿ, ನಗ್ರಿ. ಮುಂದಿನ ಬೇಸಿಗೆಲಿ ಜಡೆ ಅನ್ನೋ ಊರ ಹತ್ರ ಇನ್ನೊಂದು ಬಾವಿ ಸಿಡೀತು. ಸುದ್ದಿ ಕೇಳಿ ನಾನು ಓಡಿ ಹೋದೆ. ಹೋಗೋ ಹೊತ್ತಿಗೆ ಒಬ್ಬ ವಯಸ್ಸಿನ ಹುಡುಗ, ಮೈಮೇಲೆ ಒಂದು ಗೀರಿಲ್ಲ, ಗೋಡೆಗೆ ಒರಗಿ ಕೂತಂಗೇ ಹೋಗ್ಬಿಟ್ಟಿದ್ದ. ಕೈಯಲ್ಲಿ ತಾಯಿತ ಕಟ್ಟಿದ್ರು, ಹೊಸಾ ದಾರ. ಅಲ್ಲಿಯ ಮೇಸ್ತ್ರಿ, ‘ಅಂಜಿಕೆಗೆ ಎದೆ ಒಡೆದು ಸತ್ತ’ ಅಂದ. ಅಂಜಿಕೆಯಂತೆ! ಕೊಂದೋರು ನೀವು, ಅಂಜಿದೋನು ಅವನಾ? ಅವತ್ತು ಬಾಯಿ ಬಿಟ್ಟೋಳು ನಾನು ಮತ್ತೆ ಮುಚ್ಚಿಲ್ಲ. ಎಲ್ಲಿ ಬಾವಿ ತೋಡ್ತಾರೆ ಅಂದ್ರೆ ಅಲ್ಲಿಗೆ ಹೋಗ್ತಿದ್ದೆ, ಬಾಯಿಬಡಕಿ ಬಂದ್ಲು ಅನ್ನೋರು. ಒಳಗಿದ್ದೋರೆಲ್ಲ ಮೊದಲ ಗಾಡಿಲಿ ಹೋಗ್ಬೇಕು, ರಕ್ತ ಬರ್ಲಿ ಬಿಡ್ಲಿ, ಒಪ್ತೀರಾ ಅಂತ ಕೇಳಿ, ಒಪ್ಪಿದ ಮೇಲೇ ಹಗ್ಗ ಹಿಡೀರಿ ಅಂತ ಕೂಲಿಯವರಿಗೆ ಹೇಳ್ತಿದ್ದೆ. ಒಪ್ಪದ ಕಡೆ ಬಾವಿ ದಂಡೆ ಮೇಲೆ ಕೂತ್ಕೊಂತಿದ್ದೆ, ಬತ್ತಿ ಹಚ್ಚು ನೋಡೋಣ ಅಂತ. ಅದಕ್ಕೇ ಹೇಳೋದು, ಕೇಳಿಸ್ಕೋ ಮಾರಾಯ: ಕೂಗೋನ ಗಾಯಕ್ಕೆ ಬಟ್ಟೆ ಒತ್ತಿ ಹಿಡಿ, ಕಣ್ಣು ಮಾತ್ರ ಸುಮ್ನೆ ಕೂತೋನ ಮೇಲಿಡು. ಕೂಗೋಕೆ ಉಸಿರು ಬೇಕಲ್ವಾ. ಹೋಗು, ಎಮ್ಮೆಗೆ ನೀರಿಟ್ಟಿಲ್ಲ ಇನ್ನೂ.