ಕನ್ನಡಕದೊಳಗಿನ ಆಸಿಡ್

ಅಲ್ಲಾ, ನಾನೇನು ಸುಳ್ಳು ಹೇಳ್ತಿದೀನಾ? ಯಾಕೆ ಹಾಗೆ ನೋಡ್ತೀಯಾ? ಕೂತ್ಕೋ... ಕೈ ಮೇಜಿನ ಮೇಲಿಡು, ಬ್ಯಾಂಡೇಜ್ ಒತ್ತದ ಹಾಗೆ. ಬೆರಳು ಮಡಚೋಕೆ ಬರುತ್ತಾ? ...ಎರಡು ಬರಲ್ವಾ. ಹೂಂ.

ನೋಡಮ್ಮಾ, ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡ್ತಿದೀನಿ. ನನ್ನ ಲ್ಯಾಬಲ್ಲಿ ಒಂದು ಮಗುವಿನ ಕೂದಲೂ ಕೊಂಕಿರಲಿಲ್ಲ! ಎಲ್ಲಾ ಆ ದರಿದ್ರ ವಿಆರ್ ಕನ್ನಡಕ ಬಂದ ಮೇಲೆ. ಹೆಡ್‌ಮೇಡಂಗೆ ಖುಷಿಯೋ ಖುಷಿ. ಗಾಜು ಒಡೆಯಲ್ಲ, ಹೊಗೆ ಏಳಲ್ಲ, ಮಕ್ಕಳು ಗಾಳೀಲಿ ಕೈಯಾಡಿಸ್ಕೊಂಡು ಪ್ರಯೋಗ ಮಾಡ್ತಾರೆ! ಚಾಪೆ ಮೇಲೆ ಈಜು ಕಲಿತೋರನ್ನ ಬಾವಿಗೆ ಇಳಿಸ್ತಾರಾ? ಆವತ್ತೇ ಬಡ್ಕೊಂಡೆ, ಯಾರು ಕೇಳ್ತಾರೆ! ...ನಗಬೇಡ! ನಗೋ ಮಾತಾ ಇದು?

ನೀನೋ, ನಿಜವಾದ ಲ್ಯಾಬಿಗೆ ಬಂದ ಮೊದಲ ದಿನವೇ ಆಸಿಡ್‌ಗೆ ನೀರು ಸುರಿದು, ಅದು ಸಿಡಿದು ಕೈ ಸುಟ್ಕೊಂಡೆ! ನೀರಿಗೆ ಆಸಿಡ್ ಹಾಕ್ಬೇಕು ಅಂತ ಎಷ್ಟು ಸಲ ಹೇಳಿದೀನಿ? ಬಾಯಿ ನೋಯೋವಷ್ಟು! ಹೇಳಿದೀನೋ ಇಲ್ವೋ? ...ಹಾಂ, ತಲೆಯಾಡಿಸ್ದೆ. ಮತ್ಯಾಕೆ ಸುರಿದೆ?

ಆ ಕನ್ನಡಕದ ಪೆಟ್ಟಿಗೆ ಕಡೆ ಏನು ನೋಡ್ತೀಯಾ? ಅದರೊಳಗೆ ಹತ್ತು ಸಲ ಹಾಗೇ ಸುರಿದ್ರೂ ಏನೂ ಆಗ್ಲಿಲ್ಲ, ಅಷ್ಟೇ ತಾನೆ? ನಾಳೆ ವಿಚಾರಣೆಗೆ ಬರೋರ ಮುಂದೆ ಅದನ್ನೇ ಹೇಳು. ಯಂತ್ರದ ತಪ್ಪು! ಮಾಡಿ ಕೊಟ್ಟೋರ ತಪ್ಪು! ನಿಮ್ಮಮ್ಮಂಗೂ ಹಾಗೇ ಹೇಳಿದೀನಿ. ಪಾಪ, ನಂಬಿದ್ರು.

ಹೂಂ ಅನ್ನು! ನೀನು ಬೇರೆ ಏನಾದ್ರೂ ಬಾಯಿಬಿಟ್ರೆ ನನ್ನ ಕೆಲಸ... ಅಲ್ಲ, ಬೇರೆ ಏನಿದೆ ಹೇಳೋಕೆ? ಏನೂ ಇಲ್ಲ!

...ಮೊದಮೊದಲು ಕನ್ನಡಕದೊಳಗೂ ಸಿಡೀತಿತ್ತು ಅಂತಾನಾ? ಹೌದು ಮಾರಾಯ್ತಿ, ಸಿಡೀತಿತ್ತು! ಸಿಡಿದ್ರೆ ಪರದೆಯೆಲ್ಲಾ ಕೆಂಪು, ಮತ್ತೆ ಮೊದಲಿಂದ ಶುರು. ಎಂಟು ಕನ್ನಡಕ, ನಲವತ್ತು ಮಕ್ಕಳು, ಮುಕ್ಕಾಲು ಗಂಟೆ! ನೀವೋ ಕಿಟಾರನೆ ಕಿರುಚೋದು. ಹೆಡ್‌ಮೇಡಂ ದಿನಾ ಬಾಗಿಲಲ್ಲಿ ನಿಂತು, ಎಷ್ಟು ಜನ ಮುಗಿಸಿದ್ರು, ಎಷ್ಟು ಜನ ಮುಗಿಸಿದ್ರು... ನಾನೇನು ಮಾಡ್ಲಿ? ಹೇಳು, ಏನು ಮಾಡ್ಲಿ?

ಬೈ! ಬೈದ್ಬಿಡು! ಹೀಗೆ ಕೂರಬೇಡ...

...ಆವತ್ತು ಕನ್ನಡಕದ ಕ್ಲಾಸಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದೆ ಅಲ್ವಾ ನೀನು. ಎಲ್ಲರಿಗಿಂತ ಜಾಸ್ತಿ ಹೆದರಿದ್ದೋಳು ನೀನೇ. ಕನ್ನಡಕದಲ್ಲಿ 'ಅಪಘಾತ' ಅಂತ ಬರೆದಿದ್ದ ಗುಂಡಿ ಒತ್ತಿ ಆ ಸಿಡಿಯೋದನ್ನ ನಿಲ್ಲಿಸಿದ್ದು ನಾನು. "ಇನ್ಮೇಲೆ ಏನೂ ಆಗಲ್ಲಮ್ಮಾ, ಧೈರ್ಯವಾಗಿ ಸುರಿ" ಅಂತ ನಿನಗೆ ಹೇಳಿದ್ದೂ ನಾನೇ.